ಕ್ಯಾಂಪರ್ ವ್ಯಾನಿನ ಹುಣಸೂರು ಮೂಲ: ಒಂದು ಸಾಧಾರ ಪ್ರತಿಪಾದನೆ

ಹಾಸಿಗೆಯನ್ನೂ ಒಲೆಯನ್ನೂ ಒಂದು ವ್ಯಾನಿನೊಳಗೆ ತುಂಬಿಕೊಂಡು, ಅದರ ಬೆನ್ನಿಗೆ ಎರಡು ಸೈಕಲ್ ಕಟ್ಟಿ, ಚಳಿಗಾಲದಲ್ಲಿ ಗುಡ್ಡಗಾಡಿನ ಕಡಲತೀರಗಳನ್ನು ಸುತ್ತುವ ಹವ್ಯಾಸ ಯುರೋಪಿನಲ್ಲಿ ಹುಟ್ಟಿತೆಂಬುದನ್ನು ಪಂಡಿತರೂ ಪಾಮರರೂ ಒಟ್ಟಿಗೆ ಒಪ್ಪಿಕೊಂಡಿದ್ದಾರೆ. ಹೀಗೆ ಎಲ್ಲರೂ ಒಪ್ಪಿದ್ದನ್ನು ಅನುಮಾನಿಸುವುದು ಸಂಶೋಧಕನ ಮೊದಲ ಕರ್ತವ್ಯ. ಅದು ನಮ್ಮ ಜಿಲ್ಲೆಯಲ್ಲೇ ಹುಟ್ಟಿತೆಂದು ತೋರಿಸುವುದು ಎರಡನೆಯದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಗಳೇ ಈ ವಿದ್ಯೆಯ ತವರು, ಯುರೋಪಿನವರದು ತಡವಾದ ಮತ್ತು ದುಬಾರಿಯಾದ ನಕಲು ಎಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ.

ಮೊದಲ ಸಾಕ್ಷ್ಯ ಹುಣಸೂರಿನದು. ಫೋಕ್ಸ್‌ವ್ಯಾಗನ್ ವ್ಯಾನು ಜರ್ಮನಿಯ ಕಾರ್ಖಾನೆಯಿಂದ ಹೊರಬಂದದ್ದು 1950ರಲ್ಲಿ, ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಮಲಗುವ ಏರ್ಪಾಡು ಮಾಡಿದ್ದು 1951ರಲ್ಲಿ. ಹುಣಸೂರಿನಲ್ಲಾದರೋ ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಿತ್ತು, ಅದರ ಜೊತೆಗೆ ಸೇನೆಯ ಸರಬರಾಜಿಗೆಂದು ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಡ್ಡೆ ಇದ್ದವು. ಇವೆಲ್ಲ 1864ರಲ್ಲಿ ಮುಚ್ಚಿದ ಸಂಗತಿ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿದೆ. ಗಾಡಿ ಕಟ್ಟುವ ಕಸುಬು ಮಾತ್ರ ಊರಿನಲ್ಲಿ ಆಮೇಲೂ ಉಳಿಯಿತು. ಚರ್ಮದಿಂದ ಸೀಟು, ಕಂಬಳಿಯಿಂದ ಹಾಸಿಗೆ, ಮರದಿಂದ ಕಪಾಟು. ಕ್ಯಾಂಪರ್ ವ್ಯಾನಿನ ಒಳಗೆ ಇನ್ನೇನಿರುತ್ತದೆ? ಜರ್ಮನರು ಶುರುಮಾಡುವುದಕ್ಕೆ 87 ವರ್ಷ ಮೊದಲೇ ಹುಣಸೂರು ಇದನ್ನು ಮಾಡಿ, ಸಾಕಾಗಿ, ಬಾಗಿಲು ಹಾಕಿತ್ತು. ಬಾಗಿಲು ಹಾಕಿದ್ದನ್ನು ಸೋಲೆಂದು ಓದುವವರಿದ್ದಾರೆ. ವಿದ್ಯೆಯೊಂದು ಪೂರ್ಣತೆ ಮುಟ್ಟಿದ ಲಕ್ಷಣವೆಂದು ಓದುವುದು ಹೆಚ್ಚು ಶಾಸ್ತ್ರೀಯ. ಚಳಿಗಾಲದ ತಿರುಗಾಟಕ್ಕೂ ಇಲ್ಲಿಯೇ ಆಧಾರ ಸಿಗುತ್ತದೆ. ಅಮೃತಮಹಲ್ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ದನಗಳನ್ನು ಋತುವಿಗೆ ತಕ್ಕಂತೆ ಹೊಡೆದುಕೊಂಡು ಹೋಗುತ್ತಿದ್ದರು. ಸರ್ಕಾರಿ ಖರ್ಚಿನಲ್ಲಿ ಚಳಿಗಾಲದ ಪ್ರವಾಸ ಮಾಡುವ ಪದ್ಧತಿ ನಮ್ಮಲ್ಲಿ ಅಧಿಕಾರಿಗಳಿಗಿಂತ ಮೊದಲು ಎತ್ತುಗಳಿಗೆ ದೊರೆತಿತ್ತೆಂಬುದು ಇದರಿಂದ ಸ್ಪಷ್ಟ.

ಎತ್ತಿನ ಗಾಡಿಗೆ ಎಂಜಿನ್ ಎಲ್ಲಿದೆ ಎಂಬ ಪೂರ್ವಪಕ್ಷ ಇಲ್ಲಿ ಏಳುತ್ತದೆ. ಮುಂದೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ಇದೇ ತಳಿಯ ಬಲದಿಂದ ಹೈದರಾಲಿ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದನೆಂದು ಹಳೆಯ ದಾಖಲೆಗಳು ಹೇಳುತ್ತವೆ. ಆದ್ದರಿಂದ ವೇಗದ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ. ನಿಜವಾದ ತೊಡಕು ಸೈಕಲ್ಲಿನದು. ಈ ಹವ್ಯಾಸದ ಜೀವಾಳ ಹಾಸಿಗೆಯಲ್ಲೂ ಇಲ್ಲ, ಒಲೆಯಲ್ಲೂ ಇಲ್ಲ. ನಮ್ಮನ್ನು ಹೊರಬೇಕಾದ ವಾಹನವನ್ನು ಇನ್ನೊಂದು ವಾಹನದ ಮೇಲೆ ಹೊತ್ತೊಯ್ಯುವುದರಲ್ಲಿದೆ. ಈ ಸೂತ್ರವನ್ನು ಹಿಡಿದುಕೊಂಡು ಸಂಕ್ರಾಂತಿಯ ಆಸುಪಾಸಿನಲ್ಲಿ ಕೆ.ಆರ್. ನಗರದಾಚೆಯ ಚುಂಚನಕಟ್ಟೆಗೆ ಹೋದರೆ ಸಂಶಯವೆಲ್ಲ ಪರಿಹಾರವಾಗುತ್ತದೆ. ಕಾವೇರಿ ಧುಮುಕುವ ಜಾಗದಲ್ಲಿ, ಕೋದಂಡರಾಮನ ಸನ್ನಿಧಿಯಲ್ಲಿ, ದನಗಳ ಜಾತ್ರೆ. ಹಿಂದೆ ಕಮಾನು ಗಾಡಿ ಹೂಡಿಕೊಂಡು, ಗಾಡಿಯಡಿಯಲ್ಲಿ ಲಾಂದ್ರ ತೂಗುಹಾಕಿಕೊಂಡು ಬರುತ್ತಿದ್ದ ರೈತರು ಈಗ ಹಳ್ಳಿಕಾರ್ ಜೋಡಿಯನ್ನು ಟೆಂಪೊದಲ್ಲಿ ಏರಿಸಿ ತರುತ್ತಾರೆ. ಗಾಡಿ ಎಳೆಯಬೇಕಾದ ಎತ್ತು ಗಾಡಿಯೊಳಗೆ ಹುಲ್ಲಿನ ಹಾಸಿಗೆಯ ಮೇಲೆ ನಿಂತು, ದಾರಿಯುದ್ದಕ್ಕೂ ಮೇಯುತ್ತ, ಊರು ನೋಡುತ್ತ ಬರುತ್ತದೆ. ಇಳಿದ ಮೇಲೆ ವಾದ್ಯದ ಮೆರವಣಿಗೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಅದರ ವ್ಯಾಯಾಮ ಮುಗಿಯಿತು. ವ್ಯಾನಿನ ಬೆನ್ನಿಗೆ ಕಟ್ಟಿದ ಸೈಕಲ್ಲಿಗೂ ಟೆಂಪೊದೊಳಗಿನ ಎತ್ತಿಗೂ ತಾತ್ವಿಕವಾಗಿ ಯಾವ ಭೇದವೂ ಇಲ್ಲ. ಇರುವ ಭೇದವೊಂದೇ: ಜಾತ್ರೆ ಮುಗಿಯುವ ಹೊತ್ತಿಗೆ ಎತ್ತಿನ ಬೆಲೆ ಏರಿರಬಹುದು, ಸೈಕಲ್ಲಿನದು ಎಂದೂ ಏರುವುದಿಲ್ಲ.

ಸೈಕಲ್ಲೇ ಬೇಕೆಂದು ಹಟ ಹಿಡಿಯುವ ಅಕ್ಷರನಿಷ್ಠರಿಗೆ ಬೇರೆ ಉತ್ತರವಿದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ಆರಂಭಿಸಿತು. ಈ ಸೀಮೆಗಳ ಮಕ್ಕಳು ಮಾಗಿಯ ಮಂಜಿನಲ್ಲಿ ಏರುದಾರಿ ತುಳಿದೇ ಹೈಸ್ಕೂಲು ಮುಗಿಸಿದರು. ಅದು ಅಗತ್ಯ, ಪ್ರವಾಸವಲ್ಲ ಎನ್ನುವವರು ಪ್ರವಾಸದ ಲಕ್ಷಣವನ್ನೇ ತಿಳಿಯದವರು. ಅಗತ್ಯಕ್ಕೆ ತುಳಿದರೆ ಬಡತನ, ಅಗತ್ಯವಿಲ್ಲದೆ ತುಳಿದರೆ ಪ್ರವಾಸೋದ್ಯಮ. ನಡುವೆ ಇರುವುದು ಹೆಲ್ಮೆಟ್ಟು ಮತ್ತು ಬಿಗಿ ಚಡ್ಡಿ ಮಾತ್ರ.

ಇನ್ನು ಅತ್ಯಂತ ಗಂಭೀರವಾದ ಆಕ್ಷೇಪ: ಮೈಸೂರು ಜಿಲ್ಲೆಗೆ ಕಡಲತೀರವಿಲ್ಲ. ಭೂಪಟವನ್ನು ಮಾತ್ರ ನೋಡುವವರು ಹೀಗೆನ್ನುತ್ತಾರೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ಹಳೆಯ ಎಚ್.ಡಿ. ಕೋಟೆ ತಾಲ್ಲೂಕೊಂದರಲ್ಲೇ ನಾಲ್ಕು ಜಲಾಶಯಗಳು. ಕೆ.ಆರ್. ನಗರದ ಕಡೆಗೆ ಕನ್ನಂಬಾಡಿಯ ಹಿನ್ನೀರು. ಇಷ್ಟು ನೀರಿಗೆ ಇಷ್ಟು ದಡವಿರುವಾಗ ಕರಾವಳಿ ಎನ್ನಲು ಉಪ್ಪೊಂದೇ ಕಡಿಮೆ, ಅದು ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಉಬ್ಬರವಿಳಿತವಿಲ್ಲವಲ್ಲ ಎಂದು ವಾದಿಸುವವರಿಗೆ ಹೇಳಬೇಕಾದದ್ದು ತುಸು ವಿಸ್ತಾರವಾಗಿದೆ. ಸಮುದ್ರಕ್ಕೆ ದಿನಕ್ಕೆ ಎರಡು ಉಬ್ಬರ. ನಮ್ಮ ಕರಾವಳಿಗೆ ವರ್ಷಕ್ಕೊಂದು, ಆದರೆ ಭರ್ಜರಿಯಾದದ್ದು. ವಯನಾಡಿನಲ್ಲಿ ಮುಂಗಾರು ಹಿಡಿದರೆ ಕಬಿನಿ 2284 ಅಡಿಗೆ ಏರುತ್ತದೆ, ಕೊಡಗಿನಲ್ಲಿ ಹಿಡಿದರೆ ಕನ್ನಂಬಾಡಿ 124.80 ಅಡಿ ಮುಟ್ಟುತ್ತದೆ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಾಗ ಕಬಿನಿಯ ದಡದಲ್ಲಿ ಹಸಿರು ಚಿಗುರಿ ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಯುರೋಪಿನ ಯಾವ ಬೀಚಿಗೆ ಈ ಭಾಗ್ಯವಿದೆ? ಸಮುದ್ರದ ಇಳಿತವನ್ನು ಚಂದ್ರ ನಡೆಸಿದರೆ ನಮ್ಮದನ್ನು ನಡೆಸುವುದರಲ್ಲಿ ಸುಪ್ರೀಂ ಕೋರ್ಟಿಗೂ ಪಾಲಿದೆ. 2018ರ ಫೆಬ್ರವರಿ ತೀರ್ಪಿನಂತೆ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಡಿ ನೀರು ಹರಿಯಬೇಕು. ಚಂದ್ರನ ವಿರುದ್ಧ ಮರುಪರಿಶೀಲನಾ ಅರ್ಜಿ ಹಾಕುವ ಸೌಲಭ್ಯ ಯಾವ ಕರಾವಳಿಯವರಿಗೂ ಇಲ್ಲವೆಂಬುದನ್ನು ಗಮನಿಸಿದರೆ, ವೈಜ್ಞಾನಿಕವಾಗಿಯೂ ಪ್ರಜಾಸತ್ತಾತ್ಮಕವಾಗಿಯೂ ನಮ್ಮ ದಡವೇ ಮುಂದಿದೆ.

ಗುಡ್ಡದ ವಿಷಯಕ್ಕೆ ಹೆಚ್ಚು ಮಾತು ಬೇಡ. ಪಿರಿಯಾಪಟ್ಟಣ ಸೀಮೆಯಲ್ಲಿ ಬೆಟ್ಟದಪುರವಿದೆ, ಅದರ ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನನಿದ್ದಾನೆ. ಸೈಕಲ್ ತುಳಿದು ಅಲ್ಲಿಗೆ ಹೋಗಲಾಗದು, ಮೆಟ್ಟಿಲಿದೆ. ಶೌಚಾಲಯವಿಲ್ಲದ ಕಮಾನು ಗಾಡಿಯನ್ನು ಕ್ಯಾಂಪರ್ ವ್ಯಾನಿನ ಪೂರ್ವಜನೆನ್ನಬಹುದೇ ಎಂಬ ಪ್ರಶ್ನೆಗೆ, ವ್ಯಾನಿನೊಳಗೆ ಶೌಚಾಲಯವಿದ್ದೂ ಅದನ್ನು ಖಾಲಿಮಾಡುವ ಜಾಗಕ್ಕಾಗಿ ಊರೂರು ಅಲೆಯುವವರ ಪಾಡೇ ಉತ್ತರ.

ಉಳಿದಿರುವುದು ಸ್ವಾತಂತ್ರ್ಯದ ವಾದ. ಕ್ಯಾಂಪರ್ ವ್ಯಾನಿನವರು ಬೇಕಾದಲ್ಲಿ ನಿಲ್ಲಿಸಿ ಬೇಕಾದಲ್ಲಿ ಮಲಗಬಲ್ಲರು, ಗಾಡಿಯವರಿಗೆ ಆ ಭಾಗ್ಯವಿಲ್ಲ ಎಂಬುದು ಅದರ ಸಾರ. ಇದನ್ನು ಗ್ರಂಥಗಳಿಂದ ತೀರ್ಮಾನಿಸಲಾಗದು, ಕ್ಷೇತ್ರಕಾರ್ಯವೇ ಬೇಕು. ಎಚ್.ಡಿ. ಕೋಟೆಯಿಂದ ಮಾನಂದವಾಡಿಯತ್ತ ವ್ಯಾನು ತಿರುಗಿಸುವ ವಿದ್ವಾಂಸರು ಹೊತ್ತು ನೋಡಿಕೊಂಡು ಹೊರಡಬೇಕಾಗಿ ವಿನಂತಿ: ನಾಗರಹೊಳೆ ಕಾಡಿನ ಆ ದಾರಿಯ ಗೇಟು ಸಂಜೆ 6ಕ್ಕೆ ಮುಚ್ಚಿದರೆ ಬೆಳಿಗ್ಗೆ 6ರವರೆಗೆ ತೆರೆಯುವುದಿಲ್ಲ.