ಕಾಯಕ ಹುಡುಗರದು, ಕೈಲಾಸ ನನ್ನದು

ಆಳಂದ ರಸ್ತೆಯ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಹಿಡಿದದ್ದನ್ನು ಬಿಡುವುದಿಲ್ಲ. ತೊಗರಿಗೆ ಇದಕ್ಕಿಂತ ಒಳ್ಳೆಯ ನೆಲ ಹುಡುಕಬೇಕಾಗಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕದ್ದರಲ್ಲಿ ಈ ಮಣ್ಣಿನ ಪಾಲು ದೊಡ್ಡದು. ಆದರೆ ಅದೇ ಮಣ್ಣು ಕಾರಿನ ಮಡ್‌ಗಾರ್ಡಿನೊಳಗೆ ಹೊಕ್ಕು ಒಣಗಿತೋ, ಉಳಿ-ಸುತ್ತಿಗೆ ತರಬೇಕು. ನಮ್ಮಪ್ಪ, ನಮ್ಮಜ್ಜ ಈ ಮಣ್ಣಿನಲ್ಲಿ ತೊಗರಿ ಕಂಡರು. ಮನೆತನದಲ್ಲಿ ನಾನೊಬ್ಬನೇ ಅದರಲ್ಲಿ ಕಾರು ತೊಳೆಯುವ ಧಂದೆ ಕಂಡವನು.

ಲೆಕ್ಕ ಸರಳವಾಗಿತ್ತು. ನಮ್ಮ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2009ರಲ್ಲಿ ಹುಟ್ಟಿದ್ದು, ಕ್ಯಾಂಪಸ್ಸೇ ಆರುನೂರು ಎಕರೆ ದಾಟುತ್ತದೆ. ಅಷ್ಟು ಎಕರೆಯಲ್ಲಿ ಎಷ್ಟು ಪ್ರೊಫೆಸರು, ಅಷ್ಟು ಪ್ರೊಫೆಸರರಿಗೆ ಎಷ್ಟು ಕಾರು! ಗಾಣಗಾಪುರದ ದತ್ತನ ಕಡೆ ಹೋಗಿಬರುವ ಸೊಲ್ಲಾಪುರ, ಪುಣೆಯ ಭಕ್ತರು ಬೇರೆ. ಮರಾಠಿಯಲ್ಲಿ ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರರ ಊರು ಇದು ಎಂದು ಅವರಲ್ಲಿ ಕೆಲವರು ಕಡಗಂಚಿಗೂ ಗಾಡಿ ತಿರುಗಿಸುತ್ತಾರೆ. ಆಳಂದದ ಲಾಡ್ಲೆ ಮಶಾಯಕ ದರ್ಗಾಕ್ಕೆ ಹೋಗುವವರೂ ಇದೇ ರಸ್ತೆ ಹಿಡಿಯಬೇಕು. ಸರ್ವಧರ್ಮದ ಕೆಸರೂ ನನ್ನ ಅಂಗಳದಲ್ಲೇ ಬೀಳುತ್ತದೆಂದು ನಾನು ರಾತ್ರಿ ನಿದ್ದೆಗೆಟ್ಟು ಗುಣಾಕಾರ ಮಾಡಿದೆ.

ಹೆಂಡತಿಯ ಪಾಟ್ಲಿ ಒತ್ತೆ ಬಿದ್ದವು. ಪ್ರೆಶರ್ ಪಂಪು ಬಂತು, ಗನ್ನು ಬಂತು, ನೊರೆ ಉಗುಳುವ ಡಬ್ಬಿ ಬಂತು, ತಗಡಿನ ಶೆಡ್ಡು ಎದ್ದಿತು. ‘ಕಾಯಕ ವಾಷಿಂಗ್ ಸೆಂಟರ್’ ಎಂದು ಬೋರ್ಡು ಬರೆಸಿದೆ. ಬಸವಣ್ಣನ ನಾಡು, ಹೆಸರಿಗೆ ಯಾರೂ ರೊಕ್ಕ ಕೇಳುವುದಿಲ್ಲ. ಹುಡುಗರು ಮೂವರು ಸಿಕ್ಕರು. ಒಬ್ಬ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡಿ ಬೇಸತ್ತು ಬಂದವನು, ಒಬ್ಬ ಬಿ.ಎ. ಮುಗಿಸಿ ನೌಕರಿಗೆ ಕಾಯುತ್ತಿದ್ದವನು, ಇನ್ನೊಬ್ಬ ನಮ್ಮ ಓಣಿಯವನೇ, ನನ್ನನ್ನು ಕಾಕಾ ಅನ್ನುವವನು. ಮೂವರೂ ಹದಿನೆಂಟು ದಾಟಿದವರು. ಹದಿನಾಲ್ಕರ ಒಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬಷ್ಟು ಕಾಯ್ದೆ ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದ ಕಾರ್ಮಿಕ ಕಾಯ್ದೆ ಅಲ್ಲಿಗೆ ಮುಗಿಯುತ್ತಿತ್ತು.

ಮೊದಲು ಕೈಕೊಟ್ಟದ್ದು ನೀರು. ಬೋರಿನಲ್ಲಿ ಬಂದದ್ದು ಸವಳು ನೀರು. ಕರಿ ಕಾರು ತೊಳೆದು ಬಿಸಿಲಿಗೆ ನಿಲ್ಲಿಸಿದರೆ ಮೈತುಂಬ ಬಿಳಿ ಚುಕ್ಕಿ. “ಇದೇನ್ರಿ, ಗಾಡಿಗೆ ತೊನ್ನು ಹತ್ಯದೇನು?” ಎಂದು ಗಿರಾಕಿ ಕೇಳಿದರೆ, “ಹೊಸಾ ಪಾಲಿಶ್ ಅದ್ರಿ, ನಿಧಾನಕ್ಕ ಹೋಗ್ತದ” ಎನ್ನುತ್ತಿದ್ದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಐದು ಸಾವಿರ ದಂಡ ಹಾಕಿದ್ದನ್ನು ಹೆಂಡತಿ ನೆನಪಿಸಿದಳು. ನಮ್ಮ ನೀರನ್ನು ಎಮ್ಮೆಯೂ ಮೂಸುವುದಿಲ್ಲ, ಆದ್ದರಿಂದ ನಾವು ಕಾನೂನಿನ ಒಳಗೇ ಇದ್ದೇವೆ ಎಂದು ಅವಳಿಗೆ ತಿಳಿಸಿ ಹೇಳಿದೆ.

ಎರಡನೆಯ ಪೆಟ್ಟು ತೊಳೆದ ನೀರಿನದು. ಅದು ಹರಿದುಹೋಗಲು ಗಟಾರವೊಂದು ಬೇಕೆಂಬುದು ನನ್ನ ಗುಣಾಕಾರದಲ್ಲಿ ಇರಲಿಲ್ಲ. ಶೆಡ್ಡಿಗೂ ಡಾಂಬರಿಗೂ ನಡುವಿನ ಎರೆನೆಲ ವಾರದೊಳಗೆ ಹುದುಲಾಯಿತು. ಶೆಡ್ಡಿನಲ್ಲಿ ಕನ್ನಡಿಯಾದ ಕಾರು ರಸ್ತೆ ಮುಟ್ಟುವಷ್ಟರಲ್ಲಿ ಬಾಗಿಲ ತನಕ ಕೆಸರು. ಗಿರಾಕಿ ಅಲ್ಲಿಂದಲೇ ರಿವರ್ಸ್ ಹಾಕಿ ಬರುವನು. ಹುಡುಗರು ಮತ್ತೆ ತೊಳೆಯುವರು. ಅವನು ಮತ್ತೆ ಹೊರಡುವನು. ಇಡೀ ಕಲಬುರಗಿ ಜಿಲ್ಲೆಯಲ್ಲಿ ತನ್ನ ಗಿರಾಕಿಯನ್ನು ತಾನೇ ಹೊಲಸು ಮಾಡಿ ಕಳಿಸುವ ವಾಷಿಂಗ್ ಸೆಂಟರ್ ನನ್ನದೊಂದೇ ಇದ್ದೀತು. ಮರುತೊಳೆತಕ್ಕೆ ಗಿರಾಕಿ ರೊಕ್ಕ ಕೊಡುತ್ತಿರಲಿಲ್ಲ. ಆದ್ದರಿಂದ ನಾನೂ ಹುಡುಗರಿಗೆ ಕೊಡುತ್ತಿರಲಿಲ್ಲ. ಇದು ನನಗೆ ಬಹಳ ನ್ಯಾಯವಾಗಿ ಕಂಡಿತ್ತು.

ಪಗಾರ ದಿನಕ್ಕೆ ಮುನ್ನೂರು. ಬೆಳಿಗ್ಗೆ ಏಳಕ್ಕೆ ಬಂದರೆ ರಾತ್ರಿ ಲೈಟು ಆರಿಸುವ ತನಕ. ಓಣಿಯ ಹುಡುಗನ ಅವ್ವ ಒಮ್ಮೆ, “ಉದ್ಯೋಗ ಖಾತ್ರಿಗಿ ಹ್ವಾದ್ರ ಮುನ್ನೂರಾ ಎಪ್ಪತ್ತು ಕೊಡ್ತಾರಂತ” ಎಂದಳು. 2025-26ರ ದರ ಖರೆ ಅಷ್ಟೇ ಇತ್ತು. ನಾನು ಜಗ್ಗಲಿಲ್ಲ. ಮೂವರನ್ನೂ ಕೂಡಿಸಿ, ಚಹಾ ತರಿಸಿ, ಭಾಷಣ ಮಾಡಿದೆ: “ಇದು ನೌಕ್ರಿ ಅಲ್ರೋ, ಮನಿ. ನಾ ಮಾಲಕ ಅಲ್ಲ, ನೀವು ಆಳಲ್ಲ. ಎಲ್ಲಾರೂ ಒಂದೇ ಮನೀ ಮಂದಿ. ಮನ್ಯಾಗ ಯಾರರ ತಾಸು ಲೆಕ್ಕ ಹಾಕ್ತಾರೇನು?” ಬಿ.ಎ. ಹುಡುಗನ ಕಣ್ಣಲ್ಲಿ ನೀರಾಡಿದ್ದನ್ನು ನೋಡಿ ನನ್ನ ಮಾತಿನ ಮೇಲೆ ನನಗೇ ಅಭಿಮಾನ ಉಕ್ಕಿತು. ಶಾಂಪೂ ಸಿಡಿದಿತ್ತೆಂದು ಆಮೇಲೆ ತಿಳಿಯಿತು.

ಅವರು ಮಾತನ್ನು ನಂಬಿದರು. ಮನೀ ಮಂದಿ ಮಾಡುವುದನ್ನೆಲ್ಲ ಮಾಡತೊಡಗಿದರು. ಮಧ್ಯಾಹ್ನ ನಮ್ಮ ಅಡುಗೆಮನೆಗೇ ಬಂದು, “ಅವ್ವಾರ, ಪುಂಡಿಪಲ್ಯಾ ಉಳದದೇನ್ರಿ?” ಎಂದರು. ಪುಣೆಯವನು ತನ್ನ ಮಾವನ ಬೊಲೆರೊ ತಂದು ಪುಕ್ಕಟೆ ತೊಳೆದ. ಓಣಿಯವನು ಗಲ್ಲಾದಿಂದ ಐವತ್ತು ತೆಗೆದುಕೊಂಡು, “ಕಾಕಾ, ಐವತ್ತು ತೊಗೊಂಡೀನಿ” ಎಂದು ಹೇಳಿಯೇ ಹೋದ. ಎಳ್ಳ ಅಮಾವಾಸ್ಯೆಗೆ ಮೂವರೂ ಭಜ್ಜಿ, ಸಜ್ಜಿ ರೊಟ್ಟಿ ಎಂದು ಹೊಲಕ್ಕೆ ಹೋದವರು ಮರುದಿನವೂ ಬರಲಿಲ್ಲ. ಪಗಾರ ಮುರಿದೆ. “ಮನ್ಯಾಗ ಖಾಡೆ ಹಿಡಿತಾರೇನ್ರಿ ಮಾಲಕ್ರ?” ಎಂದ ಬಿ.ಎ. ಹುಡುಗ. ನನ್ನ ಭಾಷಣ ಅವನಿಗೆ ಬಾಯಿಪಾಠವಾಗಿತ್ತು.

ಆಗ ನಾನೊಂದು ಉಪಾಯ ಹೂಡಿದೆ. ಕಬ್ಬಿನ ಗ್ಯಾಂಗುಗಳಿಗೆ ಉಚಲ ಕೊಟ್ಟು ಕಟ್ಟಿಹಾಕುವುದನ್ನು ಈ ಭಾಗದಲ್ಲಿ ಯಾರು ನೋಡಿಲ್ಲ? ತಲೆಗೆ ಐದು ಸಾವಿರ ಮುಂಗಡ ಕೊಟ್ಟೆ. ತೀರುವ ತನಕ ಎಲ್ಲಿಯೂ ಹೋಗುವ ಹಾಗಿಲ್ಲ ಎಂದು ವಹಿಯಲ್ಲಿ ಬರೆದು ಸಹಿ ಮಾಡಿಸಿದೆ. ಹೆಂಡತಿ ವಹಿ ತಿರುವಿ ನೋಡಿ, “ಹೆಚ್ಚಿಗಿ ತಂದ ಅಕ್ಕಿ ಅಲ್ಲೇ ಸುರುವಿ ಬಾ ಅಂತ ಆಯ್ದಕ್ಕಿ ಲಕ್ಕಮ್ಮ ಗಂಡಗ ಅಂದಿದ್ಳಂತ. ಬೋರ್ಡಿನ ಮ್ಯಾಲ ಮಾತ್ರ ಕಾಯಕ ಬರಸೀರಿ” ಎಂದಳು. ಪಾಟ್ಲಿ ಹೋದ ಸಿಟ್ಟು ಎಂದುಕೊಂಡೆ.

ಇಂಥ ಸುಖದ ದಿನಗಳಲ್ಲಿ ಸ್ಕೂಟಿ ತೊಳೆಸಲು ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದರು. ಅಸಂಘಟಿತ ಕಾರ್ಮಿಕರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಾರಂತೆ. “ಸರ್, ಸ್ವಲ್ಪ ಪ್ರಶ್ನೆ ಕೇಳಬಹುದಾ?” ಎಂದರು. ಸರ್ ಎಂದು ನನ್ನನ್ನು ಅಲ್ಲಿಯ ತನಕ ಬ್ಯಾಂಕಿನವರೂ ಕರೆದಿರಲಿಲ್ಲ. ಇಂಗ್ಲೆಂಡಿನಲ್ಲಿ ನಮ್ಮಂಥ ಕೈತೊಳೆತದ ಜಾಗಗಳು ಹತ್ತರಿಂದ ಇಪ್ಪತ್ತು ಸಾವಿರ ಇರಬಹುದೆಂದೂ, 2018ರಲ್ಲಿ ಅಲ್ಲಿನ ಪಾರ್ಲಿಮೆಂಟಿನ ಸಮಿತಿಯೇ ಅವುಗಳ ಮೇಲೆ ವರದಿ ಮಾಡಿತೆಂದೂ ಹೇಳಿದರು. ಕಡಗಂಚಿಗೂ ಲಂಡನ್ನಿಗೂ ಒಂದೇ ಧಂದೆ! ನನ್ನ ಎದೆ ಉಬ್ಬಿತು. “ವರದಿಯೊಳಗ ಏನಂತ ಹೊಗಳ್ಯಾರ್ರಿ?” ಎಂದೆ. ಮಷೀನಿಗಿಂತ ಮನುಷ್ಯ ಅಗ್ಗವಾದದ್ದರಿಂದ ಅಲ್ಲಿ ಮಷೀನುಗಳೇ ಮೂಲೆ ಸೇರಿದವಂತೆ. ಕೂಲಿ ಕಮ್ಮಿ, ದುಡಿತದ ಹೊತ್ತಿಗೆ ಮಿತಿಯಿಲ್ಲ, ಹೊಲಸು ನೀರು ಕಂಡಲ್ಲಿ ಬಿಡುತ್ತಾರೆ ಎಂಬ ದೂರುಗಳಂತೆ. ಅವರ ಕಣ್ಣು ನನ್ನ ಹುದುಲಿನ ಕಡೆ ಹೋಯಿತು.

ಪ್ರಶ್ನೆ ಶುರುವಾದವು. ಎಷ್ಟು ತಾಸು ದುಡಿಸುತ್ತೀರಿ? ಹನ್ನೆರಡು, ಎಂದೆ, ನಮ್ಮ ಹುಡುಗರ ಕಷ್ಟಸಹಿಷ್ಣುತೆ ಗೊತ್ತಾಗಲಿ ಎಂದು. ವಾರದ ರಜೆ? ಗಿರಾಕಿ ಬರದ ದಿನ ರಜೆಯೇ ಅಲ್ಲವೇ! ಗ್ಲೋವ್ಸು, ಗಂಬೂಟು? ಅದೆಲ್ಲ ಶೋಕಿ. ಮುಂಗಡ ತೀರುವ ಮೊದಲು ಬಿಟ್ಟುಹೋಗಬಹುದೇ? “ಹೆಂಗ ಹೋಗ್ತಾರ್ರಿ!” ಎಂದು ವಹಿಯನ್ನೇ ತಂದು ತೋರಿಸಿದೆ. ಆ ಉತ್ತರದ ಕೆಳಗೆ ಅವರು ಎರಡು ಗೆರೆ ಎಳೆದರು. ನನ್ನ ಆಡಳಿತ ಮೆಚ್ಚಿಗೆಯಾಯಿತು ಎಂದುಕೊಂಡೆ.

ಆಮೇಲೆ ಅವರು ಮೆಲ್ಲಗೆ ಹೇಳಿದ್ದಿಷ್ಟು: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ತಾಸು, ವಾರಕ್ಕೆ ನಲವತ್ತೆಂಟು ತಾಸು ಎನ್ನುತ್ತದೆ. ಮೇಲಿನ ದುಡಿತಕ್ಕೆ ಎರಡು ಪಟ್ಟು ಕೂಲಿ, ವಾರಕ್ಕೊಂದು ಸೂಟಿ. ಸಾಲ ಕೊಟ್ಟು ಆಳನ್ನು ಕಟ್ಟಿಹಾಕುವುದಕ್ಕೆ ಜೀತ ಎನ್ನುತ್ತಾರೆ, ಅದನ್ನು 1976ರಲ್ಲೇ ಕಾಯ್ದೆ ರದ್ದು ಮಾಡಿದೆ. ಸ್ಕೂಟಿಯ ಕನ್ನಡಿ ಒರೆಸುತ್ತಿದ್ದ ಬಿ.ಎ. ಹುಡುಗ ಒರೆಸಿದ ಕನ್ನಡಿಯನ್ನೇ ಬಹಳ ಹೊತ್ತು ಒರೆಸುತ್ತಿದ್ದ.

“ಆ ಕಾಯ್ದಾ ಎಲ್ಲಾ ಶಹರದಾಗಿನ ಅಂಗಡಿಗೋಳಿಗಿ” ಎಂದೆ ಅವರು ಹೋದ ಮೇಲೆ. “ನಮ್ದು ಪಂಚಾಯ್ತಿ ಊರು.”

“ಹಸಿವಿಗಿ ಪಂಚಾಯ್ತಿ ಬ್ಯಾರೆ, ನಗರಸಭಾ ಬ್ಯಾರೆ ಇರ್ತದೇನ್ರಿ ಮಾಲಕ್ರ?” ಎಂದ ಅವನು.

ಬಂತು ಖಂಡೇನವಮಿ. ಗಾಡಿ ತೊಳೆಯುವವನಿಗೆ ವರ್ಷಕ್ಕೆ ಒಂದೇ ಸುಗ್ಗಿ ಅದು. ನಸುಕಿಗೇ ರಸ್ತೆಯ ತನಕ ಸಾಲು: ಕಾರು, ಟ್ರ್ಯಾಕ್ಟರು, ಟಂಟಂ. ಹುಡುಗರೂ ಬಂದರು, ಇಸ್ತ್ರಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು. ಬಂದವರು ಶೆಡ್ಡಿನ ಬೆಂಚಿನ ಮೇಲೆ ಕುಳಿತರು. “ಏಳ್ರೋ!” ಎಂದೆ. “ಹಬ್ಬದ ದಿನಾ ಮನೀ ಮಂದಿ ಕೂಡಿ ಕೂಡ್ತಾರ್ರಿ. ನೀವೂ ಬರ್ರಿ” ಎಂದ ಪುಣೆಯವನು. ಎರಡು ಪಟ್ಟು ಕೂಲಿ, ವಾರದ ಸೂಟಿ, ಮರುತೊಳೆತಕ್ಕೂ ಹಣ ಎಂದು ವಹಿಯಲ್ಲಿ ಬರೆದುಕೊಟ್ಟರೆ ಏಳುತ್ತೇವೆ ಎಂದರು. ಬಸವಣ್ಣನ ನಾಡಿನವನಿಗೆ ಇಂಥ ಬೆದರಿಕೆಯೇ? ಪಂಚೆ ಎತ್ತಿ ಕಟ್ಟಿ ಗನ್ನು ನಾನೇ ಹಿಡಿದೆ.

ಗನ್ನು ಹಿಡಿದ ಮೇಲೆ ತಿಳಿಯಿತು, ಅದು ನನ್ನನ್ನು ಹಿಡಿದಿತ್ತು. ಮೊದಲ ಹೊಡೆತಕ್ಕೆ ಸೊಲ್ಲಾಪುರದವರ ಹಿಂಗಾಜಿನ ‘ಶ್ರೀ ಗುರುದೇವ ದತ್ತ’ ಸ್ಟಿಕರು ಎದ್ದು ಹಾರಿತು. ಎರಡನೆಯದಕ್ಕೆ ಒಬ್ಬರ ಎಂಜಿನ್ನಿನೊಳಗೆ ನೀರು ಹೋಗಿ ಗಾಡಿ ಚಾಲೂ ಆಗದೆ ನಿಂತಿತು, ಅದೂ ಸಾಲಿನ ನಟ್ಟನಡುವೆ. ಐದನೆಯ ಗಾಡಿಗೆ ಸೊಂಟ ಹಿಡಿಯಿತು. ಶಾಂಪೂವಿಗೆ ಅಂಗೈ ಸುಲಿದು ಬಂತು, ಗ್ಲೋವ್ಸು ಶೋಕಿ ಎಂದವನ ಅಂಗೈ. ಕೊನೆಗೆ ಹುದುಲಿನಲ್ಲಿ ಕಾಲು ಜಾರಿ, ಗಿರಾಕಿಗಳೆಲ್ಲರ ಎದುರು ಅಂಗಾತ ಬಿದ್ದೆ. ಓಣಿಯವನು ಓಡಿ ಬಂದು ಎತ್ತಿದ. “ಕಾಕಾ, ನಿಮ್ಮನ್ನ ತೊಳೀಲಾಕ ರೊಕ್ಕ ಹಚ್ಚಂಗಿಲ್ಲ” ಎಂದ. ಕೂತಲ್ಲೇ ವಹಿ ತರಿಸಿ ಸಹಿ ಮಾಡಿದೆ.

ಹಬ್ಬ ಮುಗಿದ ಮೇಲೆ ಬಿ.ಎ. ಹುಡುಗ ಲೆಕ್ಕ ಹಾಕಿದ. ಹೆಚ್ಚುವರಿ ತಾಸು, ಮರುತೊಳೆತ, ಸೂಟಿ ಎಲ್ಲ ಕೂಡಿಸಿ ಮುಂಗಡ ಕಳೆದರೆ, ಬಾಕಿದಾರ ನಾನಾದೆ. ಕೊಡಲು ಕೈಯಲ್ಲಿರಲಿಲ್ಲ. ಶೆಡ್ಡನ್ನು ಮೂವರಿಗೇ ಬಾಡಿಗೆಗೆ ಕೊಟ್ಟೆ. ಬಾಕಿಯನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಿದ್ದಾರೆ, ಪಾಟ್ಲಿ ಇನ್ನೂ ಬ್ಯಾಂಕಿನಲ್ಲೇ ಇವೆ. ಅವರು ಮೊದಲು ಮಾಡಿದ ಕೆಲಸ ಗಟಾರ ತೋಡಿದ್ದು, ಎರಡನೆಯದು ಹುದುಲಿಗೆ ಮುರುಮು ಸುರಿದದ್ದು. ನನ್ನ ಕಾರಿಗೂ ಪೂರ್ತಿ ಮುನ್ನೂರು ಹಚ್ಚುತ್ತಾರೆ. ಮನೀ ಮಂದಿ ಎಂದರೆ ಬೋರ್ಡು ತೋರಿಸುತ್ತಾರೆ.

ಆಳಂದದ ಕಡೆ ಬಂದರೆ ನಿಮ್ಮ ಗಾಡಿಯನ್ನೂ ಅಲ್ಲೇ ತೊಳೆಸಿ, ಚಲೋ ತೊಳೆಯುತ್ತಾರೆ. ಸೋಮವಾರ ಮಾತ್ರ ಬರಬೇಡಿ, ಅವತ್ತು ಸೂಟಿ.