ಬಿಗಿ ಸಾಲದು

ನಾನು ಗಾಳ ಹಾಕುವವನು ಎಂಬುದು ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತು. ಮೀನುಗಳಿಗೆ ಮಾತ್ರ ಈ ಸುದ್ದಿ ಇನ್ನೂ ತಲುಪಿಲ್ಲ. ಸಂಜೆ ಮಲ್ಪೆಯ ಅಳಿವೆ ಬಾಗಿಲ ಕಲ್ಲುಗಳ ಮೇಲೆ ಕತ್ತಲಾಗುವವರೆಗೆ ನಿಂತು, ಬರುವ ದಾರಿಯಲ್ಲಿ ಬಂಗುಡೆ ಕಟ್ಟಿಸಿಕೊಂಡು ಮನೆ ಸೇರುತ್ತೇನೆ. ಯಾರೂ ಏನೂ ಕೇಳುವುದಿಲ್ಲ. ಹೆಂಡತಿ ಮಾತ್ರ ಚೀಲ ಬಗ್ಗಿಸುವಾಗ ಒಮ್ಮೊಮ್ಮೆ, “ಇವತ್ತಿನದ್ದು ಐಸಿನಲ್ಲೇ ಈಜ್ತಾ ಇತ್ತಾ?” ಎನ್ನುತ್ತಾಳೆ.

ಇಂಥವನು ಸುಧಾರಿಸಬೇಕಾದದ್ದು ಕೈಯನ್ನು, ಇಲ್ಲವೇ ತಾಳ್ಮೆಯನ್ನು. ನಾನು ದಾರವನ್ನು ಸುಧಾರಿಸಲು ಹೊರಟೆ. ಈ ಹವ್ಯಾಸದ ದೊಡ್ಡ ಸುಖವೇ ಅದು. ಮೀನು ಸಿಗದಿದ್ದರೂ ಅದು ಯಾಕೆ ಸಿಗಲಿಲ್ಲ ಎಂಬುದಕ್ಕೆ ಕಾರಣ ಅಂಗಡಿಯಲ್ಲಿ ಸಿಗುತ್ತದೆ, ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. “ನೈಲಾನ್ ದಾರ ಹಿಗ್ತದೆ ಸರ್. ಅಷ್ಟು ದೂರದಲ್ಲಿ ಮೀನು ಬಂದು ಮುಟ್ಟಿ ಹೋದದ್ದು ನಿಮಗೆ ತಿಳಿಯುವುದೇ ಇಲ್ಲ. ಬ್ರೇಡ್ ಹಾಕಿ ನೋಡಿ, ಹಿಗ್ಗುವ ಪ್ರಶ್ನೆಯೇ ಇಲ್ಲ,” ಎಂದ ಅಂಗಡಿಯವ. ಇಷ್ಟು ಕಾಲ ಮೀನುಗಳು ಬರುತ್ತಲೇ ಇದ್ದವು, ದಾರ ನನಗೆ ಹೇಳಲಿಲ್ಲ ಅಷ್ಟೇ ಎಂಬ ವಿವರಣೆ ಮನಸ್ಸಿಗೆ ಎಷ್ಟು ತಂಪೆನಿಸಿತೆಂದರೆ, 300 ಮೀಟರಿನ ಡಬ್ಬಿಗೆ ಚೌಕಾಸಿ ಮಾಡದೆ ದುಡ್ಡು ಎಣಿಸಿದೆ. ಎಷ್ಟೆಂದು ಹೇಳುವುದಿಲ್ಲ. ಮಳೆಗಾಲದ ಅಂಜಲ್ ರೇಟು ಗೊತ್ತಿದ್ದವರು ಎರಡು ಕಿಲೋ ಎಂದು ಅಂದಾಜು ಮಾಡಿಕೊಳ್ಳಬಹುದು. ಮನೆಯಲ್ಲಿ ಹೇಳಿದ ರೇಟು ಬೂತಾಯಿಯದ್ದು.

ಬ್ರೇಡ್ ಎಂದರೆ ಹೆಣೆದ ದಾರ. ಕೂದಲಿಗಿಂತ ನಯವಾದ ಎಳೆಗಳನ್ನು ನಾಲ್ಕೋ ಎಂಟೋ ಕಟ್ಟು ಮಾಡಿ ಹೆಣೆದಿರುತ್ತಾರೆ. ಅಷ್ಟೇ ಭಾರ ತಡೆಯುವ ನೈಲಾನಿನ ಅರ್ಧ ದಪ್ಪವೂ ಇರುವುದಿಲ್ಲ. ಎಳೆ ಪಾಲಿಥೀನಿನದ್ದು, ಆದರೆ ಸಾಮಾನ್ಯದ್ದಲ್ಲ. ಅದರ ಅಣುಸರಪಳಿಗಳು ವಿಪರೀತ ಉದ್ದ. ಎಳೆ ತೆಗೆಯುವಾಗ ಅವೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಮಲಗುವ ಹಾಗೆ ಜಗ್ಗುತ್ತಾರೆ. ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿಯಲ್ಲಿ ಹುಟ್ಟಿದ ಡೈನೀಮಾ ಈ ಜಾತಿಯದ್ದೇ. ತೂಕಕ್ಕೆ ತೂಕ ಇಟ್ಟರೆ ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ. ಹಡಗು ಕಟ್ಟುವ ಹಗ್ಗ, ಗುಂಡು ತಡೆಯುವ ಕವಚ ಎಲ್ಲದಕ್ಕೂ ಬಳಸುತ್ತಾರೆ. ಇಷ್ಟನ್ನೂ ನಾನು ಊಟದ ಹೊತ್ತಿನಲ್ಲಿ ಮನೆಮಂದಿಗೆ ವಿವರಿಸಿದೆ. ಮಗಳು ಎಲ್ಲ ಕೇಳಿ, “ಅಂದ್ರೆ ಹಾಲಿನ ಪ್ಯಾಕೆಟಿನ ಪ್ಲಾಸ್ಟಿಕ್ಕೇ ಅಲ್ವಾ ಅಪ್ಪ?” ಎಂದಳು. ಹುಡುಗಿ ವಿಜ್ಞಾನದಲ್ಲಿ ಹುಷಾರು. ಮನೆಗೆ ಅದು ಅಷ್ಟು ಒಳ್ಳೆಯದಲ್ಲ.

ಭಾವಮೈದನೂ ಊಟಕ್ಕೆ ಇದ್ದ. ಮಲ್ಪೆಯ ಬೋಟಿನಲ್ಲಿ ಕೆಲಸ ಅವನಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಅವನು ನಮ್ಮ ಚಾವಡಿಗೆ ಇಳಿದಿದ್ದ. “ನಮಗೆ ಸರಕಾರ ಕೊಡುವುದು 61 ದಿನ ರಜೆ ಭಾವ. ನಿಮ್ಮ ಗಾಳಕ್ಕೆ ವರ್ಷ ಇಡೀ ರಜೆ ಯಾರು ಕೊಟ್ಟದ್ದು?” ಎಂದು ಕೇಳಿ ಇನ್ನಷ್ಟು ಸಾರು ಹಾಕಿಸಿಕೊಂಡ.

ಹೊರಗೆ ಜಡಿಮಳೆ. ಕೆಲಸ ಚಾವಡಿಯಲ್ಲೇ ಶುರುವಾಯಿತು. ರೀಲಿನ ಕಮಾನು ಎತ್ತಿ, ದಾರದ ತುದಿಯನ್ನು ಅಲ್ಯೂಮಿನಿಯಂ ಉರುಳೆಗೆ ಗಂಟು ಹಾಕಿ, ಕಮಾನು ಇಳಿಸಿ ಹಿಡಿ ತಿರುಗಿಸಿದೆ. ಒಂದು ಸುತ್ತಿಗೆ ಸುಮಾರು ಮುಕ್ಕಾಲು ಮೀಟರು ದಾರ ಒಳಗೆ ಬರುತ್ತದೆ. ನನ್ನ ರೀಲಿಗೆ ಹಿಡಿಯುವುದು 150 ಮೀಟರು, ಅಂದರೆ 200 ಸುತ್ತು. ಡಬ್ಬಿಯ ಉರುಳೆ ನೆಲದ ಮೇಲೆ ಕುಣಿಯುತ್ತಾ ಸೋಫಾದ ಅಡಿಗೆ ಹೋಗುವುದು, ನಾನು ಕಾಲಿನಿಂದ ಹೊರಗೆ ಎಳೆಯುವುದು, ಹೀಗೆ ಸಾಗಿತು. ಅಂಚಿನವರೆಗೆ ತುಂಬಿಸಬಾರದು, ಒಂದೆರಡು ಮಿಲಿಮೀಟರು ಬಿಡಬೇಕು. ಹೆಚ್ಚಾದರೆ ಬೀಸುವಾಗ ನಾಲ್ಕು ಸುತ್ತು ಒಟ್ಟಿಗೇ ಹಾರಿ ಗೋಜಲಾಗುತ್ತದೆ. ಕಡಿಮೆಯಾದರೆ ದಾರ ಅಂಚಿಗೆ ಉಜ್ಜಿ ದೂರ ಹೋಗುವುದಿಲ್ಲ. ಸರಿಯಾಗಿ ಅಷ್ಟೇ ಬಿಟ್ಟು ನಿಲ್ಲಿಸಿದೆ. ಹಸಿರು ದಾರ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಇಲ್ಲದೆ ಹೊಳೆಯುತ್ತಿತ್ತು. ಎಲ್ಲರಿಗೂ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, “ಬಣ್ಣ ಚಂದ ಉಂಟು,” ಎಂದಳು.

ಕತ್ತರಿಸಬೇಕಲ್ಲ? ಅಡುಗೆಮನೆಯ ಕತ್ತರಿ ಅದನ್ನು ಕತ್ತರಿಸಲಿಲ್ಲ, ಚೀಪಿತು. ಎರಡು ಅಲಗುಗಳ ನಡುವೆ ದಾರ ಆರಾಮಾಗಿ ಮಡಚಿಕೊಂಡು ಕುಳಿತಿತ್ತು. ಮನೆಯಲ್ಲಿ ನಿಜವಾಗಿ ಹರಿತ ಇರುವುದು ಅಮ್ಮನ ಬಟ್ಟೆ ಕತ್ತರಿ ಮಾತ್ರ. ಅದರಿಂದ ಕಾಗದ ಕತ್ತರಿಸಿದ್ದಕ್ಕೆ ನಾನು ಮೂರನೇ ಕ್ಲಾಸಿನಲ್ಲಿ ಪೆಟ್ಟು ತಿಂದವನು. ಅಮ್ಮ ಸಂಧ್ಯಾದೀಪಕ್ಕೆ ಬತ್ತಿ ಹೊಸೆಯಲು ಒಳಗೆ ಹೋಗುವವರೆಗೆ ಕಾದೆ. ವಯಸ್ಸು ಐವತ್ತೆರಡು, ಕಚೇರಿಯಲ್ಲಿ ಹನ್ನೊಂದು ಜನ ನನ್ನ ಕೈಕೆಳಗೆ ಇದ್ದಾರೆ.

ಇನ್ನು ಪರೀಕ್ಷೆ. ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಕೋಲು ಬಗ್ಗಿಸಿ ಎಳೆದೆ. ದಾರ ಸಲೀಸಾಗಿ ಹೊರಗೆ ಬಂತು. ರೀಲಿನಲ್ಲಿ ಡ್ರ್ಯಾಗ್ ಎಂಬ ಬ್ರೇಕು ಇರುತ್ತದೆ, ಅದರ ಗುಬ್ಬಿ ಬಿಗಿ ಮಾಡಿದೆ. ಮತ್ತೆ ಬಂತು. ಇನ್ನೂ ಬಿಗಿ ಮಾಡಿದೆ. ಮತ್ತೂ ಬಂತು. ಡ್ರ್ಯಾಗಿನ ವಾಷರು ಹೇಗೆ ಸವೆಯುತ್ತದೆ, ಈಗಿನ ಮಾಲು ಹಿಂದಿನ ಹಾಗೆ ಯಾಕಿಲ್ಲ ಎಂದು ನಾನು ಸಭೆಗೆ ತಿಳಿಸುತ್ತಿದ್ದಾಗ ಭಾವಮೈದ ಎದ್ದು ಬಂದು ರೀಲಿಗೆ ಮೂಗು ಹತ್ತಿರ ಮಾಡಿದ.

“ಭಾವ, ಎಳೀರಿ ಕಾಂಬ.”

ಎಳೆದೆ.

“ಉರುಳೆ ಅಲ್ಲೇ ಉಂಟು. ದಾರ ಅಷ್ಟೂ ಒಟ್ಟಿಗೆ ಅದರ ಮೇಲೆ ತಿರುಗ್ತಾ ಉಂಟು.”

ನಿಜ. ಈ ಪಾಲಿಥೀನು ಜಗತ್ತಿನ ನುಣುಪು ವಸ್ತುಗಳಲ್ಲಿ ಒಂದು. ನುಣುಪಾದ ಲೋಹವನ್ನು ಅದು ಹಿಡಿಯುವುದೇ ಇಲ್ಲ. ಗಂಟು ಬಿಚ್ಚಿರಲಿಲ್ಲ, ಗಂಟಿನ ಸಮೇತ 150 ಮೀಟರು ದಾರ ಉರುಳೆಯ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು. ಬಂದೂಕಿನ ಗುಂಡು ನಿಲ್ಲಿಸುವ ಪದಾರ್ಥಕ್ಕೆ ಒಂದು ಹಿಡಿಯಷ್ಟು ಅಲ್ಯೂಮಿನಿಯಂ ಮೇಲೆ ತಾನೇ ನಿಲ್ಲಲು ಆಗುವುದಿಲ್ಲ.

ಇದಕ್ಕೆ ಮದ್ದು ಉಂಟು. ಮೊದಲು ಉರುಳೆಗೆ ನೈಲಾನ್ ದಾರವನ್ನು ಕೆಲವು ಸುತ್ತು ಹಾಕಿ, ಅದರ ತುದಿಗೆ ಬ್ರೇಡ್ ಸೇರಿಸಿದರೆ ನೈಲಾನು ಕಚ್ಚಿಕೊಳ್ಳುತ್ತದೆ. ಆದರೆ ನನ್ನ ಹಳೆಯ ನೈಲಾನನ್ನು ಹೊಸದು ಬಂದ ಆವೇಶದಲ್ಲಿ ತೊಂಡೆ ಚಪ್ಪರಕ್ಕೆ ದಾನ ಮಾಡಿದ್ದೆ. ಬಳ್ಳಿ ಆಗಲೇ ಅದನ್ನು ಸುತ್ತಿಕೊಂಡು ಕಾಯಿ ಬಿಡಲು ಹೊರಟಿತ್ತು. ಆ ದಾರಕ್ಕೆ ಏನಾದರೂ ಸಿಕ್ಕಿದ್ದು ಅದೇ ಮೊದಲು, ಬಿಚ್ಚಲು ಮನಸ್ಸಾಗಲಿಲ್ಲ. ಎರಡನೆಯ ಮದ್ದು, ಉರುಳೆಗೆ ಒಂದು ಪಟ್ಟು ಟೇಪ್ ಅಂಟಿಸಿ ಅದರ ಮೇಲೆ ಸುತ್ತುವುದು. ಟೇಪಿಗಾಗಿ ಮೂರು ಕಪಾಟು ಹುಡುಕಿದ ಮೇಲೆ ಮಗಳು ತನ್ನ ಬ್ಯಾಂಡ್‌ಏಡ್ ಡಬ್ಬಿ ತಂದಳು. ಗುಲಾಬಿ ಬಣ್ಣ, ಮೇಲೆ ನಗುವ ಬೆಕ್ಕಿನ ಮುಖಗಳು. ಇದನ್ನು ಓದುವ ಯಾವ ಗಾಳದವನಾದರೂ ನನ್ನ ರೀಲನ್ನು ಬಿಚ್ಚಿ ನೋಡುವ ಕಾಲ ಬಂದರೆ, ಬುಡದಲ್ಲಿ ಅವು ಇನ್ನೂ ನಗುತ್ತಿರುತ್ತವೆ.

ಅಂಟಿಸಲು ಮೊದಲು ದಾರವನ್ನೆಲ್ಲ ಬಿಚ್ಚಬೇಕಲ್ಲ. ಮಳೆ ಇಲ್ಲದಿದ್ದರೆ ಗೇಟಿನಿಂದ ಬಾವಿಕಟ್ಟೆಯವರೆಗೆ ನಡೆದು ಹಾಸಬಹುದಿತ್ತು. ಚಾವಡಿಯಲ್ಲೇ ರಾಶಿ ಹಾಕಿದೆ. ರಾಶಿ ಹಾಕಿ ಮುಗಿಯುವಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದು, “ಎಂತ ಸೆಕೆ ಮಾರಾಯ್ರೆ,” ಎಂದು ಫ್ಯಾನು ಹಾಕಿದಳು. ಬ್ರೇಡಿಗೆ ತೂಕವೇ ಇಲ್ಲ, ನೀರಿನಲ್ಲಿಯೂ ತೇಲುತ್ತದೆ. ಅದು ಎದ್ದು, ಕುರ್ಚಿಯ ಕಾಲುಗಳ ನಡುವೆ ನುಸುಳಿ, ಛತ್ರಿಯ ಕಡ್ಡಿಗಳನ್ನು ಪರಿಚಯ ಮಾಡಿಕೊಂಡು, ಭಾವಮೈದನ ಕಾಲ್ಬೆರಳಿಗೆ ಬಂದು ನಿಂತಿತು. ಬಿಡಿಸಿ ಡಬ್ಬಿಯ ಉರುಳೆಗೆ ವಾಪಸು ಸುತ್ತಿದ್ದು ಅವನೇ. ಬಲೆ ಬಿಡಿಸಿ ಅಭ್ಯಾಸವಿದ್ದ ಕೈ. ಬಿಡಿಸುತ್ತಾ, “ಇಷ್ಟೆಲ್ಲ ಯಾವ ಮೀನಿಗೆ ಭಾವ?” ಎಂದ.

ಇತಿಹಾಸ ಗೊತ್ತಿಲ್ಲದವರ ಜತೆ ವಾದ ಮಾಡಬಾರದು, ತಿಳಿಸಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳದಿಂದ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದನ್ನು ಹೇಳಿದೆ. ಸತ್ತ ಹುಲಿಯ ಚರ್ಮ ತುಂಬಿಸಿ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧರಾದ ಮನೆತನ ಅದು ಎಂದೂ ಸೇರಿಸಿದೆ.

“ಅವರ ರೀಲಿನಲ್ಲೂ ಬೆಕ್ಕು ಇತ್ತಾ?” ಎಂದ.

ಆಗ ಈ ದಾರ ಹುಟ್ಟಿಯೇ ಇರಲಿಲ್ಲ. ಅದನ್ನು ಹೇಳಿದರೆ ನನ್ನ ವಾದಕ್ಕೇ ತೊಂದರೆ ಎಂದು ಸುಮ್ಮನಾದೆ.

ಎರಡನೆಯ ಸಲ ಸುತ್ತಲು ಶುರುಮಾಡಿದಾಗ ಅಮ್ಮ ದೀಪ ಹಚ್ಚಿ ಬಂದು ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತು ನೋಡಿ, “ಬೆರಳು ಕೊಡುವುದಿಲ್ಲವಾ ಮಗಾ?” ಎಂದಳು. “ಬಾಬಿನ್ನಿಗೆ ಸುತ್ತುವಾಗ ದಾರಕ್ಕೆ ಬೆರಳು ಒತ್ತಿ ಹಿಡಿಯದಿದ್ದರೆ ಮೆತ್ತಗೆ ಸುತ್ತಿಕೊಳ್ತದೆ. ಮತ್ತೆ ಹೊಲಿಯುವಾಗ ಒಳಗೆ ಹೂತು ಸಿಕ್ಕಿಕೊಳ್ತದೆ.” ನಲವತ್ತು ವರ್ಷ ಹೊಲಿಗೆ ಮೆಷಿನ್ ತುಳಿದವಳು. ರೀಲಿನದ್ದೂ ಅಕ್ಷರಶಃ ಅದೇ ಕತೆ. ಸಡಿಲ ಸುತ್ತಿದರೆ, ಭಾರ ಬಿದ್ದಾಗ ಮೇಲಿನ ದಾರ ಕೆಳಗಿನ ಸುತ್ತುಗಳ ಸಂದಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಆಮೇಲೆ ಬೀಸಿದರೆ ಅರ್ಧದಲ್ಲಿ ನಿಂತು, ಗಾಳ ಕಿತ್ತುಕೊಂಡು ಹೋಗುತ್ತದೆ. ಬರಿ ಬೆರಳಿನಲ್ಲಿ ಹಿಡಿದರೆ ಬೆರಳೇ ಕೊಯ್ಯುತ್ತದೆ, ಒದ್ದೆ ಬಟ್ಟೆ ಬೇಕು. ನನ್ನ ಎರಡೂ ಕೈ ರೀಲಿನಲ್ಲಿ. ಭಾವಮೈದ ಚಾ ಕುಡಿಯುತ್ತಿದ್ದ. ಹೆಂಡತಿ ಕೈಬಟ್ಟೆ ಒದ್ದೆ ಮಾಡಿಕೊಂಡು, ಡಬ್ಬಿಯ ಉರುಳೆಗೆ ಮಗಳ ಪೆನ್ಸಿಲು ತೂರಿಸಿ, ಎದುರು ಕುಳಿತಳು.

“ಇಷ್ಟು ಸಾಕಾ?”

“ಸಾಲದು. ಇನ್ನೂ ಬಿಗಿ.”

ಮದುವೆಯಾದಂದಿನಿಂದ ಸ್ವಲ್ಪ ಸಡಿಲ ಬಿಡು ಎಂದೇ ಬೇಡಿಕೊಂಡು ಬಂದವನ ಬಾಯಿಯಿಂದ ಈ ಮಾತು ಕೇಳಿ ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಬಿಗಿ ಕೊಟ್ಟಳು ನೋಡಿ. ಹಿಡಿ ತಿರುಗಿಸಲು ನನ್ನ ರಟ್ಟೆ ಸೋತಿತು. ಸುತ್ತುತ್ತಿದ್ದಂತೆ ಪ್ರಶ್ನೆಗಳೂ ಬಂದವು. ಗ್ಯಾಸಿನವನಿಗೆ ಫೋನ್ ಮಾಡಿದ್ರಾ, ಅಟ್ಟದ ಹಂಚು ಯಾವಾಗ ಸರಿ ಮಾಡಿಸ್ತೀರಿ, ಈ ದಾರಕ್ಕೆ ನಿಜವಾಗಿ ಎಷ್ಟಾಯ್ತು? ಎರಡೂ ಕೈ ಸಿಕ್ಕಿಬಿದ್ದ ಗಂಡಸು ಸುಳ್ಳು ಹೇಳಲಾರ. ಹೇಳಿದೆ. ಕೊನೆಯ ಐವತ್ತು ಮೀಟರು ಬಂಡೆಯಷ್ಟು ಗಟ್ಟಿಯಾಗಿ ಕೂತಿದೆ.

ಸರಳಿಗೆ ಕಟ್ಟಿ ಎಳೆದೆ. ಕೋಲು ಬಾಗಿತು, ದಾರ ಅಲುಗಲಿಲ್ಲ. ಬ್ರೇಡೂ ಸರಿ, ಬೆಕ್ಕೂ ಸರಿ.

ಉಳಿದದ್ದು ಇನ್ನೊಂದು 150 ಮೀಟರು. ಅಷ್ಟು ದುಡ್ಡಿನ ವಸ್ತು ಕಪಾಟಿನಲ್ಲಿ ಕೊಳೆಯುವುದು ಬೇಡವೆಂದು ಹೆಂಡತಿ ಅದನ್ನು ಜಗಲಿಯ ಕಂಬದಿಂದ ಕಂಬಕ್ಕೆ ನಾಲ್ಕು ಎಳೆ ಕಟ್ಟಿಸಿದಳು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಎಷ್ಟು ಹಗ್ಗ ಇದ್ದರೂ ಕಡಿಮೆಯೇ. ಬೆಳಿಗ್ಗೆ ಅಂತರ ಬಿಟ್ಟು ಕ್ಲಿಪ್ ಹಾಕಿ ಹೋದದ್ದು, ಮಧ್ಯಾಹ್ನ ನೋಡಿದರೆ ಮಗಳ ಸಾಕ್ಸು, ಅಮ್ಮನ ಕರ್ಚೀಫು, ನನ್ನ ಬನಿಯನು, ಎಲ್ಲವೂ ಕ್ಲಿಪ್ಪಿನ ಸಮೇತ ಜಾರಿ ನಟ್ಟನಡುವೆ ಒಂದರ ಮೇಲೊಂದು ಬಿದ್ದು ನೀರಿಳಿಸುತ್ತಿದ್ದವು.

“ಗುಂಡಿಗೂ ಜಗ್ಗುವುದಿಲ್ಲ ಅಂತ ಹೇಳಿದ್ರಲ್ಲ,” ಎಂದಳು ಹೆಂಡತಿ.

ಮಗಳು ಆಗಲೇ ಡಬ್ಬಿ ತಂದು, ಒಂದು ಕ್ಲಿಪ್ಪಿನ ಆಚೆ ಒಂದು ಈಚೆ ಒಂದು ಎಂದು ಲೆಕ್ಕ ಹಾಕುತ್ತಿದ್ದಳು. “ಇನ್ನೂ ಮೂರು ಡಬ್ಬಿ ತರಬೇಕು ಅಪ್ಪ. ಬೆಕ್ಕು ಸಿಗದಿದ್ರೆ ಮೊಲ ಆದ್ರೂ ಆಗ್ತದೆ.”