ಭಗ್ನಗವಾಕ್ಷ ಮೀಮಾಂಸೆ: ಮಂಗಳೂರಿನಲ್ಲಿ ರೋಲ್ಸ್ ರಾಯ್ಸಿನ ಎಡಬಾಗಿಲ ಗಾಜು

ಕಾರಿನ ಬೆಲೆ ಏರಿದಷ್ಟೂ ಅದರ ಒಡೆದ ಗಾಜಿನೊಡನೆ ಯಜಮಾನನು ಬಾಳಬೇಕಾದ ಅವಧಿಯೂ ಏರುತ್ತದೆ. ಇದು ಈ ಪ್ರಬಂಧದ ಪ್ರತಿಜ್ಞಾವಾಕ್ಯ. ನ್ಯಾಯಶಾಸ್ತ್ರ ಕೇಳುವ ಉಳಿದ ನಾಲ್ಕು ಅವಯವಗಳಾದ ಹೇತು, ಉದಾಹರಣೆ, ಉಪನಯ, ನಿಗಮನಗಳನ್ನು ಮುಂದೆ ಯಥಾಸ್ಥಾನದಲ್ಲಿ ಕೊಡಲಾಗುವುದು. ಮಂಗಳೂರಿನ ವಿಷಯವಾದ್ದರಿಂದ ನಡುವೆ ಮಳೆ ಬಂದು ಕ್ರಮ ತಪ್ಪಿದರೆ ವಿದ್ವಾಂಸರು ಮನ್ನಿಸಬೇಕು.

ಮೊದಲು ವಿಷಯದ ಎಲ್ಲೆ ಗುರುತಿಸೋಣ. ಕೆಎ 19ರ ಸೀಮೆಯಲ್ಲಿ ಓಡುವ, ಅಥವಾ ಹೆಚ್ಚಿನ ದಿನ ಓಡದೆ ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿರುವ, ಒಂದು ರೋಲ್ಸ್ ರಾಯ್ಸ್ ಫ್ಯಾಂಟಮನ್ನು ಕಲ್ಪಿಸಿಕೊಳ್ಳಿ. ಬೆಲೆ ಹತ್ತು ಕೋಟಿಯ ಆಸುಪಾಸು. ಅದರ ಎಡಬದಿಯ ಹಿಂಬಾಗಿಲ ಗಾಜು ಮಾತ್ರ ನಮ್ಮ ವಿಚಾರ. ಮುಂದಿನ ದೊಡ್ಡ ಗಾಜು ಒಡೆದರೆ ಊರೇ ಮರುಗುತ್ತದೆ. ಪಕ್ಕದ ಗಾಜಿಗೆ ದಿಕ್ಕಿಲ್ಲ. ಆದ್ದರಿಂದ ಶಾಸ್ತ್ರವೇ ಕೈಹಿಡಿಯಬೇಕು.

ಇತಿಹಾಸದ ಅಧ್ಯಾಯ ಚಿಕ್ಕದು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಜಿಲ್ಲೆ. ಇಲ್ಲಿಗೆ ಕಲೆಕ್ಟರು ಬಂದರು, ಪಾದ್ರಿ ಬಂದರು, ಹಂಚಿನ ಕಾರ್ಖಾನೆ ಬಂತು. ಕಾರುಗಳ ಸಾಲು ಕಟ್ಟಿಸುವ ಮಹಾರಾಜ ಬರಲಿಲ್ಲ. ಮೈಸೂರಿಗಿದ್ದ ಆ ಭಾಗ್ಯ ಘಟ್ಟ ಇಳಿಯಲಿಲ್ಲ. ಹಾಗಾಗಿ ಒಡೆದ ರಾಜಗಾಜಿನ ಉಪಚಾರದ ಪರಂಪರೆಯೇ ನಮ್ಮಲ್ಲಿ ಬೆಳೆಯಲಿಲ್ಲ. 2025ರಲ್ಲಿ ಮಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿನಿಗೆ ರೋಲ್ಸ್ ರಾಯ್ಸ್‌ನಲ್ಲಿ ಕೆಲಸ ಸಿಕ್ಕಿದ ಸುದ್ದಿ ಬಂದಾಗ, ಇನ್ನು ಬಿಡಿಭಾಗದ ಚಿಂತೆಯಿಲ್ಲ ಎಂದು ಹಿಗ್ಗುವವರಿಗೆ ಒಂದು ಪಾಠಶುದ್ಧಿ ಹೇಳಬೇಕು. ಆಕೆಯನ್ನು ಕರೆದದ್ದು ವಿಮಾನದ ಎಂಜಿನ್ ಮಾಡುವ ರೋಲ್ಸ್ ರಾಯ್ಸ್. ಕಾರಿನ ಮನೆತನ 1973ರಲ್ಲೇ ಪಾಲಾಗಿ ಬೇರೆಯಾಯಿತು. ಈಗ ಅದರ ಒಡೆತನ ಜರ್ಮನಿಯ ಬಿಎಂಡಬ್ಲ್ಯೂ ಕೈಯಲ್ಲಿದೆ, 2003ರಿಂದ ವಾಸ ಇಂಗ್ಲೆಂಡಿನ ಗುಡ್‌ವುಡ್. ವಿಮಾನದವರಲ್ಲಿ ಹೋಗಿ ಬಾಗಿಲ ಗಾಜು ಕೇಳುವುದು ಪಾಲಾದ ದಾಯಾದಿಯ ಬಾವಿಯಲ್ಲಿ ಕೊಡ ಇಳಿಸಿದಂತೆ.

ಇನ್ನು ಕಾರಣಮೀಮಾಂಸೆ. ಗಾಜು ಒಡೆಯುವುದು ಯಾವುದರಿಂದ?

ತೆಂಗಿನಕಾಯಿಯಿಂದ ಎಂಬುದು ಪೂರ್ವಪಕ್ಷ. ಕರಾವಳಿಯವರಿಗೆ ಇದು ಬಾಯಿಗೆ ಬರುವ ಮೊದಲ ಉತ್ತರ. ಆದರೆ ಕಾಯಿ ಬೀಳುವುದು ನೇರ ಕೆಳಕ್ಕೆ; ಅದಕ್ಕೆ ಸಿಗುವುದು ಮಾಡು, ಬಾನೆಟ್, ಕೆಲವೊಮ್ಮೆ ಡ್ರೈವರಿನ ತಲೆ. ಬದಿಯ ಗಾಜನ್ನು ಹುಡುಕಿಕೊಂಡು ಅದು ಅಡ್ಡ ಬರಬೇಕಾದರೆ ಕಾಕತಾಳೀಯ ನ್ಯಾಯದ ಕಾಗೆಯೇ ಒದೆಯಬೇಕು. ಆದ್ದರಿಂದ ಈ ಹೇತು ಅಸಿದ್ಧ.

ಸಿಟಿ ಬಸ್ಸಿನಿಂದ ಎಂಬುದು ಎರಡನೆಯ ಪಕ್ಷ. ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಹೊರಟ ಬಸ್ಸು ಹಂಪನಕಟ್ಟೆಯಲ್ಲಿ ಮುಂದಿನ ಬಸ್ಸನ್ನು ಹಿಂದಿಕ್ಕುವಾಗ ಪಕ್ಕದ ಕಾರಿನ ಕನ್ನಡಿಯನ್ನು ಮಡಚಿಕೊಂಡು ಹೋಗುವುದು ಪ್ರತ್ಯಕ್ಷಪ್ರಮಾಣ. ಆದರೆ ಬಸ್ಸು ಕನ್ನಡಿಗೆ ತೃಪ್ತಿಪಟ್ಟು ಮುಂದೆ ಹೋಗುತ್ತದೆ. ಗಾಜಿನವರೆಗೆ ಬರಲು ಅದಕ್ಕೆ ಪುರುಸೊತ್ತಿಲ್ಲ, ಟೈಮಿಂಗ್ ಉಂಟು.

ಸಿದ್ಧಾಂತ ಇದು: ಹುಲ್ಲು ಕತ್ತರಿಸುವ ಮೆಷಿನ್. ಮಳೆ ಬಿಟ್ಟ ಮೇಲೆ ನಂತೂರಿನಿಂದ ಕೂಳೂರಿನವರೆಗೆ, ಬಡಾವಣೆಯ ಒಳರಸ್ತೆಗಳಲ್ಲಿ, ಹೆಗಲಿಗೆ ಯಂತ್ರ ತೂಗಿಕೊಂಡ ಮಹನೀಯರು ಹುಲ್ಲಿನೊಡನೆ ಜಲ್ಲಿಯನ್ನೂ ಕೊಯ್ಯುತ್ತಾರೆ. ತಿರುಗುವ ಹಗ್ಗಕ್ಕೆ ಸಿಕ್ಕ ಒಂದು ಕಲ್ಲು ನೆಲಕ್ಕೆ ಸಮಾನಾಂತರವಾಗಿ ಹಾರುತ್ತದೆ. ಅಡ್ಡ ಬರುವ ಕಲ್ಲು, ಅಡ್ಡ ಇರುವ ಗಾಜು. ಇಲ್ಲಿ ವ್ಯಾಪ್ತಿಸಂಬಂಧ ನಿರ್ದುಷ್ಟ.

ಈಗ ಗಾಜಿನ ಸ್ವರೂಪಕ್ಕೆ ಬರೋಣ. ಎಲ್ಲ ಭೇದವೂ ಹುಟ್ಟುವುದು ಇಲ್ಲಿಯೇ. ಬದಿಗಾಜಿನಲ್ಲಿ ಎರಡು ಸಂಪ್ರದಾಯಗಳಿವೆ. ಒಂದು ಪತನವಾದ. ಆಲ್ಟೊ, ಸ್ವಿಫ್ಟಿನಂಥ ಕಾರುಗಳ ಬಾಗಿಲಿಗೆ ಟೆಂಪರ್ಡ್ ಗಾಜು. ಅದನ್ನು ಆರುನೂರು ಡಿಗ್ರಿ ದಾಟಿಸಿ ಕಾಯಿಸಿ ಗಾಳಿ ಊದಿ ಥಟ್ಟನೆ ತಣಿಸುತ್ತಾರೆ. ಹೊರಮೈ ಬಿಗಿದು ಒತ್ತಿಕೊಂಡಿರುತ್ತದೆ, ಒಳಗೆ ಎಳೆತ ಉಳಿದಿರುತ್ತದೆ. ಹೊರಗಿನ ಬಿಗಿ ಒಂದು ಕಡೆ ಸೀಳಿದರೆ ಸಾಕು, ಒಳಗಿನ ಎಳೆತವೆಲ್ಲ ಒಮ್ಮೆಗೇ ಬಿಡುಗಡೆಯಾಗಿ ಇಡೀ ಹಾಳೆ ಕಲ್ಲುಸಕ್ಕರೆಯ ಗಾತ್ರದ ಚೂರುಗಳಾಗಿ ಮಡಿಲಿಗೆ ಸುರಿಯುತ್ತದೆ.

ಇನ್ನೊಂದು ಸ್ಥಿತಿವಾದ. 2017ರ ಫ್ಯಾಂಟಮ್ಮಿಗೆ 6 ಮಿಲಿಮೀಟರಿನ ಎರಡು ಪದರದ ಗಾಜು. ಹೊರಗಿನ ಸದ್ದು ಒಳಗೆ ಬರಬಾರದೆಂದು ಆ ಕಾರಿಗೆ 130 ಕಿಲೋಗೂ ಹೆಚ್ಚು ಶಬ್ದನಿರೋಧಕ ವಸ್ತು ತುಂಬಿದ್ದಾರೆ. ಪಂಪ್‌ವೆಲ್ ವೃತ್ತದ ಹಾರನ್ನು ಕೇಳಿಸದೆ ಸಾಗುವುದಕ್ಕೆ ಇಷ್ಟು ಭಾರ ಬೇಕೇ ಬೇಕು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಇಂಥ ಪದರದ ಗಾಜಿನ ಆದಿಪುರುಷ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್. 1903ರಲ್ಲಿ ಅವನ ಪ್ರಯೋಗಶಾಲೆಯ ಗಾಜಿನ ಪಾತ್ರೆಯೊಂದು ಕೆಳಗೆ ಬಿತ್ತು. ಒಳಗೆ ಒಣಗಿ ಅಂಟಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯಿಂದಾಗಿ ಅದು ಬಿರಿಯಿತೇ ಹೊರತು ಚೆದುರಲಿಲ್ಲ. 1909ರಲ್ಲಿ ಪೇಟೆಂಟ್ ಪಡೆದ. ನಮ್ಮ ಮನೆಗಳಲ್ಲೂ ಪಾತ್ರೆ ಕೈಜಾರಿವೆ. ಬೈಗುಳ ಸಿಕ್ಕಿದೆ, ಪೇಟೆಂಟ್ ಸಿಕ್ಕಿಲ್ಲ.

ಈ ಎರಡರ ಪರಿಣಾಮಭೇದ ಗಮನಿಸಬೇಕು. ಆಲ್ಟೊದ ಗಾಜು ಹೋದರೆ ಹೋಯಿತು, ಸಂಶಯಕ್ಕೆ ಎಡೆಯಿಲ್ಲ. ಫ್ಯಾಂಟಮಿನ ಗಾಜು ಒಡೆದೂ ಇರುತ್ತದೆ, ಇದ್ದೂ ಒಡೆದಿರುತ್ತದೆ. ಗೆರೆಗೆರೆಯಾಗಿ ಬಿರಿದ ಅದನ್ನು ನೋಡಿ ಯಜಮಾನ, "ಅಂಥದ್ದೇನೂ ಆಗಿಲ್ಲ" ಎಂದು ಸ್ವಿಚ್ ಒತ್ತುತ್ತಾನೆ. ಗಾಜು ಅರ್ಧ ಇಳಿದು, ಸೊಟ್ಟಗಾಗಿ, ಬಾಗಿಲೊಳಗೆ ಸಿಕ್ಕಿಕೊಳ್ಳುತ್ತದೆ. ಇನ್ನು ಮೇಲೂ ಇಲ್ಲ, ಕೆಳಗೂ ಇಲ್ಲ. ಭಾಷ್ಯಕಾರನಾದ ಗ್ಯಾರೇಜಿನ ಹುಡುಗನ ಪ್ರಶ್ನೆ ಒಂದೇ: "ಸಾರ್, ನೀವು ಅದನ್ನು ಎಂತಕ್ಕೆ ಒತ್ತಿದ್ದು?" ಈ ಪ್ರಶ್ನೆಗೆ ಯಾವ ದರ್ಶನದಲ್ಲೂ ಉತ್ತರ ಸಿಕ್ಕಿಲ್ಲ.

ಶಾಸನಶಾಸ್ತ್ರದ ನೆರವು ಬೇಕಾಗುವುದು ಹೊಸ ಗಾಜು ಹುಡುಕುವ ಮುಂದಿನ ಹಂತದಲ್ಲಿ. ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಆಳುಪ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ. ಕಾರಿನ ಗಾಜಿನ ಕೆಳಮೂಲೆಯಲ್ಲೂ ಅಂಥದ್ದೊಂದು ಲಿಪಿ ಕೊರೆದಿರುತ್ತದೆ: ತಯಾರಕನ ಮುದ್ರೆ, ವೃತ್ತದೊಳಗೆ ಇ ಅಕ್ಷರ, ಅದರ ಪಕ್ಕ ಅಂಕಿ. 1 ಎಂದಿದ್ದರೆ ಒಪ್ಪಿಗೆ ಕೊಟ್ಟದ್ದು ಜರ್ಮನಿ, 11 ಎಂದಿದ್ದರೆ ಬ್ರಿಟನ್. 43ಆರ್ ಎಂಬುದು ಸುರಕ್ಷಾ ಗಾಜಿನ ಅಂತರರಾಷ್ಟ್ರೀಯ ನಿಯಮದ ಸಂಖ್ಯೆ. ಹೊಸ ಗಾಜಿನ ಶಾಸನವು ಉಳಿದ ಮೂರು ಬಾಗಿಲುಗಳ ಶಾಸನದೊಡನೆ ತಾಳೆಯಾಗದಿದ್ದರೆ, ಮುಂದೆ ಕಾರು ಕೊಳ್ಳಲು ಬಂದವನು ಟಾರ್ಚು ಹಿಡಿದು ಕುಕ್ಕರಗಾಲಲ್ಲಿ ಕೂತು ಪಾಠಾಂತರ ಹಿಡಿಯುತ್ತಾನೆ. ಬೆಲೆ ಇಳಿಯುವುದು ಅಲ್ಲಿ.

ಮುದ್ರೆ ಒತ್ತುವುದು ನಮಗೇನೂ ಹೊಸತಲ್ಲ. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಇಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ತೆರೆದ. ಹಂಚುಗಳು ಬೆನ್ನ ಮೇಲೆ ಹೆಸರು, ಇಸವಿ ಅಚ್ಚೊತ್ತಿಸಿಕೊಂಡು ಲೋಕ ಸುತ್ತಿದವು. ಅದೇ ಅಳತೆಯಲ್ಲಿ ಬಂದ ಗಾಜಿನ ಹಂಚನ್ನು ಅಡುಗೆಮನೆಯ ಮಾಡಿನಲ್ಲಿ ಕಾಣದ ಮಂಗಳೂರಿಗರಿಲ್ಲ. ಆ ಗಾಜು ಒಡೆದರೆ ಏಣಿ ಇಟ್ಟು ಒಬ್ಬ ಹತ್ತುತ್ತಾನೆ. ಮೇಲಿನ ಹಂಚು ಸ್ವಲ್ಪ ಎತ್ತಿ, ಒಡೆದದ್ದನ್ನು ಎಳೆದು, ಹೊಸತನ್ನು ಜಾರಿಸಿ, ಇಳಿದು ಚಾ ಕುಡಿಯುತ್ತಾನೆ. ಯಾವ ಕಾರ್ಖಾನೆಯ ಹಂಚಾದರೂ ಆದೀತು, ಯಾವ ಮನೆಯ ಮಾಡಿಗಾದರೂ ಕೂತೀತು. ತಲೆಮಾರುಗಳಿಂದ ಗಾಜು ಬದಲಿಸುವ ಕಲೆಯಲ್ಲಿ ಪಳಗಿದ ಊರು ಇದು. ಆದರೂ ಹತ್ತು ಕೋಟಿಯ ಕಾರಿನ ಮುಂದೆ ಕೈಚೆಲ್ಲುತ್ತದೆ. ಕಾರಣವನ್ನು ಇನ್ನು ಮುಚ್ಚಿಡುವಂತಿಲ್ಲ. ಹೇತು ಇದೇ: ಹಂಚು ಎಲ್ಲರಿಗೂ ಒಂದೇ ಅಳತೆ, ಫ್ಯಾಂಟಮಿನ ಗಾಜು ಆ ಬಾಗಿಲಿಗೆ ಮಾತ್ರ. ಎಡದ್ದು ಬಲಕ್ಕಾಗದು, ಹಿಂದಿನದು ಮುಂದಕ್ಕಾಗದು. ಬಂದರಿನ ಅಂಗಡಿಯವನ ಮಾತಿನಲ್ಲಿ: "ಆಲ್ಟೊದ್ದು ನಾಲ್ಕು ಉಂಟು, ಸ್ವಿಫ್ಟಿದ್ದು ಎಷ್ಟು ಬೇಕು ಹೇಳಿ. ಇದು ಎಂತ ಹೆಸರು ಹೇಳಿದ್ದು ನೀವು?"

ಉದಾಹರಣೆಗೆ ಮೂರು ವಾಹನಗಳು. ಆಲ್ಟೊದವನು ಬೆಳಿಗ್ಗೆ ಕಂಕನಾಡಿಯಲ್ಲಿ ಗಾಜು ಹಾಕಲು ಬಿಟ್ಟು, ಮಧ್ಯಾಹ್ನದ ಊಟಕ್ಕೆ ಅದೇ ಕಾರಿನಲ್ಲಿ ಮನೆಗೆ ಹೋಗುತ್ತಾನೆ. ಫ್ಯಾಂಟಮಿನವನು ಆರ್ಡರ್ ಹಾಕಿ ಕಾಯುತ್ತಾನೆ. ರಿಕ್ಷಾದವನಿಗೆ ಗಾಜೇ ಇಲ್ಲ. ಮಳೆ ಬಂದರೆ ಟರ್ಪಾಲಿನ ಪರದೆ ಇಳಿಸುತ್ತಾನೆ, ಹರಿದರೆ ಹೊಲಿಸುತ್ತಾನೆ. ಬೆಲೆ ತೀರ ಇಳಿದಾಗ ಕಾಯುವ ಅವಧಿ ಸೊನ್ನೆಯಾಗುತ್ತದೆ ಎಂಬ ನಮ್ಮ ಸೂತ್ರದ ಮಿತಿ ಹೀಗೆ ಸಿದ್ಧವಾಯಿತು. ಸಿಗ್ನಲ್ಲಿನಲ್ಲಿ ಅದೇ ಪರದೆ ಸರಿಸಿ ಅವನು ಕೇಳುವ "ಎಂತ ಸಾರ್, ಗ್ಲಾಸ್ ಹೋದದ್ದಾ?" ಎಂಬ ಪ್ರಶ್ನೆಯಲ್ಲಿ ಕನಿಕರವಿರುತ್ತದೆ, ಅದೇ ಯಜಮಾನನಿಗೆ ಹೆಚ್ಚು ಚುಚ್ಚುತ್ತದೆ.

ವಿಮಾಪ್ರಕರಣ ಈ ಗ್ರಂಥದ ಹೃದಯ. ಇಲ್ಲಿ ಎರಡು ಸಮತಾತತ್ತ್ವಗಳು ಕಾಣುತ್ತವೆ. ಮೋಟಾರು ವಿಮೆಯ ಲೆಕ್ಕದಲ್ಲಿ ರಬ್ಬರು, ನೈಲಾನು, ಪ್ಲಾಸ್ಟಿಕ್ಕಿಗೆ ಶೇ. 50 ಸವಕಳಿ ಹಿಡಿಯುತ್ತಾರೆ. ಗಾಜಿಗೆ ಸವಕಳಿ ಇಲ್ಲ. ಗಾಜು ನಿತ್ಯ, ಅದು ಕೂರುವ ಬೀಡಿಂಗ್ ಅನಿತ್ಯ. ಇನ್ನೊಂದು, ಕ್ಲೇಮಿನಲ್ಲಿ ಯಜಮಾನ ಕಡ್ಡಾಯವಾಗಿ ಹೊರಬೇಕಾದ ಪಾಲು: 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೂ ಮೇಲಿನದಕ್ಕೆ 2,000. ಫ್ಯಾಂಟಮಿನ ಎಂಜಿನ್ 6,749 ಸಿಸಿ. ಹೀಗಾಗಿ ಮದುವೆಗೆ ಹೋಗುವ ಇನ್ನೋವಾಕ್ಕೂ ಅದಕ್ಕೂ ಪಾಲು ಒಂದೇ, ಎರಡು ಸಾವಿರ. ನಮ್ಮ ದೇಶದಲ್ಲಿ ಬಡವ ಬಲ್ಲಿದರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ವಿರಳ ಶಾಸ್ತ್ರಗಳಲ್ಲಿ ಇದೂ ಒಂದು. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಶೇ. 50ರವರೆಗೆ ಬೆಳೆದಿದ್ದರೆ, ಇಷ್ಟು ಬೆಲೆಯ ಕಾರಿನ ಪ್ರೀಮಿಯಮ್ಮಿನಲ್ಲಿ ಕಳೆದುಕೊಳ್ಳುವ ಮೊತ್ತ ನೋಡಿ ಯಜಮಾನನೂ ಆಲ್ಟೊದವನ ಹಾಗೆ "ಕೈಯಿಂದಲೇ ಕೊಟ್ಟುಬಿಡುವಾ" ಎನ್ನುತ್ತಾನೆ. ಇದು ಸಮತೆಯ ಮೂರನೆಯ ತತ್ತ್ವ.

ಕ್ಲೇಮಿಗೇ ಹೊರಟರೆ ಚಕ್ರಕ ದೋಷ ಎದುರಾಗುತ್ತದೆ. ಎಸ್ಟಿಮೇಟ್ ಬಾರದೆ ಸರ್ವೇಯರ್ ಬರುವುದಿಲ್ಲ. ಬಾಗಿಲು ಬಿಚ್ಚದೆ ವರ್ಕ್‌ಶಾಪು ಎಸ್ಟಿಮೇಟ್ ಕೊಡುವುದಿಲ್ಲ. ಸರ್ವೇಯರ್ ನೋಡದೆ ಬಾಗಿಲು ಬಿಚ್ಚುವಂತಿಲ್ಲ. ತಾರ್ಕಿಕರು ಈ ಚಕ್ರದಿಂದ ಹೊರಬರಲು ಶತಮಾನಗಳನ್ನು ಕಳೆದಿದ್ದಾರೆ. ಮಂಗಳೂರಿನ ಯಜಮಾನ ಎರಡು ಫೋನ್ ಮಾಡಿಸುತ್ತಾನೆ.

ಅದರ ಬೆನ್ನಿಗೇ ಅನವಸ್ಥಾ ದೋಷ. ಊರಿನಲ್ಲಿ ಆಗದ ಕೆಲಸಕ್ಕೆ ಕಾರನ್ನು ಬೆಂಗಳೂರಿಗೆ ಒಯ್ಯಬೇಕು, ಇಲ್ಲವೇ ಗಾಜನ್ನು ಅಲ್ಲಿಂದ ಇಲ್ಲಿಗೆ ತರಬೇಕು. ಎರಡಕ್ಕೂ ನಡುವೆ ಶಿರಾಡಿ ಘಾಟಿ. 2024ರ ಜುಲೈಯಲ್ಲಿ ಅಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ರೈಲಿಗೆ ಹಾಕೋಣವೆಂದರೆ ಅದೇ ತಿಂಗಳು ಕಡಗರವಳ್ಳಿ, ಎಡಕುಮೇರಿಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ದಾರಿ ತೆರೆದಿದ್ದರೂ, ಒಂದು ಗಾಜು ಹಾಕಿಸಲು ಹೊರಟ ಕಾರಿಗೆ ಲಾರಿಯ ಹಿಂಚಕ್ರದಿಂದ ಚಿಮ್ಮಿದ ಜಲ್ಲಿ ತಗುಲಿ ಎರಡನೆಯ ಗಾಜು ಬಿರಿದರೆ, ಅದಕ್ಕೆ ಇನ್ನೊಂದು ಪ್ರಯಾಣ ಬೇಕು. ಇದಕ್ಕೆ ಕೊನೆಯಿಲ್ಲ.

ಕಾಯುವ ದಿನಗಳಲ್ಲಿ ಬಿರುಕಿನ ಮೇಲೆ ಪ್ಲಾಸ್ಟಿಕ್ ಹಾಳೆ, ಸುತ್ತ ಕಂದು ಟೇಪು. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಟೇಪಿನ ಆಯುಷ್ಯ ಪಣಂಬೂರಿನವರೆಗೆ ಮಾತ್ರ. ಇದರಲ್ಲಿ ಧರ್ಮಸೂಕ್ಷ್ಮವೂ ಇದೆ. ಪಕ್ಕದ ಗಾಜು ಕನಿಷ್ಠ ಶೇ. 50 ಬೆಳಕು ಬಿಡಬೇಕು, ಮೇಲೆ ಫಿಲ್ಮ್ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ತೀರ್ಪಿತ್ತಿತು. ತಿದ್ದಿದ ನಿಯಮದಡಿ ಮಿತಿಯೊಳಗಿನ ಫಿಲ್ಮ್ ಆಗಬಹುದು ಎಂದು ಕೇರಳ ಹೈಕೋರ್ಟ್ 2024ರಲ್ಲಿ ಹೇಳಿತು. ಹೀಗೆ ಕೇರಳ ಗಡಿಯ ತಲಪಾಡಿಯ ಆಚೆ ಈಚೆ ಎರಡು ಮತಗಳ ಚರ್ಚೆ ನಡೆದಿದೆ. ಹಾಲಿನ ತೊಟ್ಟೆ ಬಣ್ಣದ ಪ್ಲಾಸ್ಟಿಕ್ಕನ್ನು ಯಾವ ಮತಕ್ಕೆ ಸೇರಿಸಬೇಕೆಂದು ಎರಡೂ ಕಡೆಯವರು ಹೇಳಿಲ್ಲ. ಈ ನಡುವೆ ಮಳೆನೀರು ತೊಟ್ಟಿಕ್ಕುವ ಅದೇ ಕಾರಿನ ಬಾಗಿಲ ಗೂಡಿನಲ್ಲಿ ಕಂಪನಿಯೇ ಇಟ್ಟುಕೊಟ್ಟ ಛತ್ರಿ ಒಣಗಿ ಬೆಚ್ಚಗೆ ಮಲಗಿರುತ್ತದೆ. ಕಾರಿನೊಳಗೆ ಕೂತು ಛತ್ರಿ ಬಿಡಿಸಬಹುದೇ ಎಂಬುದು ಪ್ರತ್ಯೇಕ ಸಂಶೋಧನೆಯ ವಸ್ತು.

ಉಪನಯವೆಂದರೆ ಕೊನೆಗೂ ಬಂದ ಗಾಜನ್ನು ಕೂರಿಸುವುದು. ವಿಧಿ ಆಲ್ಟೊದ್ದೇ. ಒಳಗಿನ ಟ್ರಿಮ್ ಬಿಚ್ಚಿ, ನೀರು ತಡೆಯುವ ಹಾಳೆ ಸರಿಸಿ, ರೆಗ್ಯುಲೇಟರಿನ ಬೋಲ್ಟು ಸಡಿಲಿಸಿ, ಹಳೆಯದನ್ನು ಎತ್ತಿ, ಚೂರುಗಳನ್ನು ಎಳೆದುಹಾಕಿ, ಹೊಸತನ್ನು ಚಾನೆಲಿಗೆ ಇಳಿಸಬೇಕು. ಬಾಗಿಲ ತಳದ ನೀರು ಹೋಗುವ ತೂತುಗಳಲ್ಲಿ ಚೂರು ಉಳಿದರೆ ಮುಂದಿನ ಮಳೆಗಾಲದಲ್ಲಿ ಬಾಗಿಲೇ ಬಾವಿಯಾಗುತ್ತದೆ. ಕೊನೆಗೆ ಸ್ವಿಚ್ಚನ್ನು ಮೇಲಕ್ಕೆ ಕೆಲವು ಸೆಕೆಂಡು ಹಿಡಿದು ಗಾಜಿಗೆ ಅದರ ಮೇಲ್ಮಿತಿ ಕಲಿಸಬೇಕು. ಇಲ್ಲದಿದ್ದರೆ ಬೆರಳು ಸಿಕ್ಕಿತೆಂದು ಭ್ರಮಿಸಿ ಅರ್ಧಕ್ಕೇ ಇಳಿಯುತ್ತದೆ. ಟ್ರಿಮ್ ತೆಗೆಯುವಾಗ "ಒಂದು ಲಾಕ್ ತುಂಡಾಯ್ತು ಮಾರಾಯ್ರೆ" ಎಂಬ ಮಾತು ಕೇಳಿಸಿದರೆ, ಪುಟ್ಟದೊಂದು ಪ್ಲಾಸ್ಟಿಕ್ ತುಂಡಿಗಾಗಿ ಈ ಗ್ರಂಥವನ್ನು ಮೊದಲ ಪುಟದಿಂದ ಮತ್ತೆ ಓದಬೇಕು.

ನಿಗಮನ: ಆದ್ದರಿಂದ ಫ್ಯಾಂಟಮಿನವನು ಕಾಯುತ್ತಾನೆ.

ಓದುಗರಲ್ಲಿ ಎರಡು ವಿನಂತಿ. ಹುಲ್ಲು ಕತ್ತರಿಸುವ ಬಂಧುಗಳೇ, ಕಾರು ಹಾದುಹೋಗುವಷ್ಟು ಹೊತ್ತು ದಯವಿಟ್ಟು ಮೆಷಿನ್ ನಿಲ್ಲಿಸಿ. ರಿಕ್ಷಾ ಆದರೆ ಅಡ್ಡಿಯಿಲ್ಲ ಎಂದು ನಾವು ಹೇಳುವುದಿಲ್ಲ, ಒಳಗೆ ಜನ ಇರುತ್ತಾರೆ. ಮತ್ತು ಕಾರಿನವರೇ, ಆಲ್ಟೊ ಆಗಲಿ ಫ್ಯಾಂಟಮ್ ಆಗಲಿ, ಬದಿಯ ಗಾಜು ಒಡೆದದ್ದು ಕಂಡರೆ ನಾಲ್ಕು ಫೋಟೊ ತೆಗೆಯಿರಿ, ವಿಮೆಯವರಿಗೆ ತಿಳಿಸಿ, ಸ್ವಿಚ್ ಮಾತ್ರ ಒತ್ತಬೇಡಿ.